ಐರ್ಲೆಂಡಿನಲ್ಲಿ ಅರಿವೆ ಸುತ್ತಿದ ಪೆನ್ಸಿಲ್ಲು

ಚಂದ್ರಬಂಡ, ಹೊರಡುವ ಮುನ್ನ

ಹೈಸ್ಕೂಲಿನಲ್ಲಿ ಸಮಾಜ ವಿಜ್ಞಾನ ಕಲಿಸುವವರಿಗೆ ಐರ್ಲೆಂಡ್ ಎಂದರೆ ದೇಶವಲ್ಲ, ಒಂದು ಅಂಕದ ಪ್ರಶ್ನೆ. 'ರಾಜ್ಯ ನೀತಿಯ ನಿರ್ದೇಶಕ ತತ್ವಗಳನ್ನು ಯಾವ ದೇಶದ ಸಂವಿಧಾನದಿಂದ ಪಡೆಯಲಾಗಿದೆ?' ರಾಯಚೂರಿನ ಹತ್ತಿರದ ಚಂದ್ರಬಂಡದ ಸರಕಾರಿ ಶಾಲೆಯಲ್ಲಿ ಈ ಉತ್ತರವನ್ನು ನಾನು ಎಷ್ಟು ಸಲ ಬರೆಸಿದ್ದೇನೆಂದರೆ, ಐರ್ಲೆಂಡ್ ಅಂದ ಕೂಡಲೇ ಕಪ್ಪು ಹಲಗೆಯ ಮೇಲಿನ ನನ್ನದೇ ಅಕ್ಷರ ಕಣ್ಣಿಗೆ ಬರುತ್ತಿತ್ತು. ಶಿಕ್ಷಕರ ವಿನಿಮಯ ಕಾರ್ಯಕ್ರಮವೊಂದರಲ್ಲಿ ಆಯ್ಕೆಯಾಗಿ, ನನ್ನ ಪಾಲಿಗೆ ಅದೇ ದೇಶ ಬಂದಾಗ ಮೊದಲು ನಕ್ಕಿದ್ದು ನಮ್ಮ ಹೆಡ್ ಮಾಸ್ತರು. ಮಾನ್ವಿಯ ಆಚಾರ್ ಮನೆತನದವರು, ಚೇಷ್ಟೆ ಮಾಡದೆ ಅವರಿಗೆ ಊಟ ಕರಗುವುದಿಲ್ಲ.

"ಸುಜಾತಾ ಮೇಡಂ, ಅವರ ಕಡಿಂದ ನಿರ್ದೇಶಕ ತತ್ವ ಎರವಲು ತಂದು ಎಷ್ಟು ವರ್ಷಾತು! ಒಬ್ಬರರ ಹೋಗಿ ಥ್ಯಾಂಕ್ಸ್ ಅಂದೀವೇನ್ರಿ? ನೀವರ ಹೇಳಿ ಬರ್ರಿ. ಇಲ್ಲಂದ್ರ ರಾಯಚೂರು ಮಂದಿ ತಗೊಂಡದ್ದು ಮರೀತಾರ ಅಂದಾರು."

ಆಗಲಿ, ಹೇಳಿಯೇ ಬರುತ್ತೇನೆ ಅಂದೆ. ನನಗೆ ಒಂದು ಕೆಲಸ ಹಚ್ಚಿದರೆ ಮುಗಿಯುವ ತನಕ ನಾನು ಬಿಡುವವಳಲ್ಲ ಎಂಬುದು ಅವರಿಗೂ ಗೊತ್ತು.

ನನ್ನ ತಮ್ಮ ಆನಂದ ಹಚ್ಚಿದ ಕೆಲಸ ಬೇರೆ. ಅವನು ದೇವದುರ್ಗ ತಾಲೂಕಿನ ಗಬ್ಬೂರಿನಲ್ಲಿ ಅವ್ವನ ಜೊತೆಗಿದ್ದಾನೆ. ಹುಟ್ಟಿದಾಗಿನಿಂದ ಅವನ ಕೈಕಾಲು ಅವನ ಹೇಳಿಕೆ ಕೇಳುವುದಿಲ್ಲ. ಇತ್ತ ಬಾ ಎಂದರೆ ಅತ್ತ ಹೋಗುತ್ತವೆ. ಮಾತು ನಿಧಾನ, ಬುದ್ಧಿ ಚುರುಕು. ಅವ್ವ ಹತ್ತಿ ಬಿಡಿಸುವ ಕೂಲಿಗೆ ಹೋಗುತ್ತ, ಅವನನ್ನು ಬೆನ್ನಿಗೆ ಕಟ್ಟಿಕೊಂಡೇ ದೊಡ್ಡವನನ್ನಾಗಿ ಮಾಡಿದಳು. ಅವನ ಚಮಚ, ಹಲ್ಲುಜ್ಜುವ ಬ್ರಷ್ಷು, ಎಲ್ಲದರ ಹಿಡಿಗೂ ಹಳೆ ಸೀರೆಯ ಅರಿವೆ ಸುತ್ತಿ ದಪ್ಪ ಮಾಡಿಟ್ಟಿರುತ್ತಾಳೆ. ತೆಳ್ಳಗಿನ ಹಿಡಿ ಅವನ ಮುಷ್ಟಿಗೆ ನಿಲ್ಲುವುದಿಲ್ಲ, ದಪ್ಪಗಿದ್ದರೆ ನಿಲ್ಲುತ್ತದೆ.

"ಅಕ್ಕಾ, ಆ ದೇಶದಾಗ ಸಂವಿಧಾನ ತಿದ್ದಬೇಕಂದ್ರ ಮಂದೀನ್ನೇ ಕೇಳ್ತಾರಂತ. ನೀ ಇರೋ ಟೈಮಿಗೇ ಒಂದು ಓಟು ಅದ ಅಂತ ಮೊಬೈಲಿನಾಗ ಬಂದದ. ಹ್ಯಾಂಗ ಕೇಳ್ತಾರ, ಯಾರ್ಯಾರ್ನ ಕೇಳ್ತಾರ, ನೋಡಿಕೊಂಡು ಬಾ."

ಅವ್ವ ರೊಟ್ಟಿ ಬಡಿಯುತ್ತ ಅಲ್ಲಿಂದಲೇ ಹೇಳಿದಳು: "ಅವನಿಗಿ ಹೇಳಾಕಾದ್ರೂ ಕಣ್ಣು ಬಿಟ್ಟು ನೋಡು ಬೇ. ಬರೇ ಫೋಟೋ ತಕ್ಕೊಂಡು ಬರಬ್ಯಾಡ."

ಡಬ್ಲಿನ್

ಚೀಲದಲ್ಲಿ ಶೇಂಗಾ ಚಟ್ನಿಪುಡಿಯ ಪೊಟ್ಟಣ ಒಡೆದಿತ್ತು. ನನ್ನ ಎಲ್ಲ ಬಟ್ಟೆಗೂ ಬಳ್ಳೊಳ್ಳಿ ಖಾರದ ವಾಸನೆ ಹತ್ತಿ, ಮೊದಲ ದಿನ ಬಸ್ಸಿನಲ್ಲಿ ಪಕ್ಕದವರು ನನ್ನ ಕಡೆಗೆ ತಿರುಗಿ ತಿರುಗಿ ನೋಡಿದರು. ಆದರೆ ಯಾರೂ ಮೂಗು ಮುಚ್ಚಿಕೊಳ್ಳಲಿಲ್ಲ. ಒಬ್ಬ ಮುದುಕ ಮಾತ್ರ, ಊಟದ ವೇಳೆ ಆಯಿತೇನೋ ಎಂದು ಕೈಗಡಿಯಾರ ನೋಡಿಕೊಂಡ.

ಆ ಬಸ್ಸಿನಲ್ಲಿ ಒಂದು ವಿಚಿತ್ರ ಕಂಡೆ. ಇಳಿಯುವವರೆಲ್ಲ ಡ್ರೈವರಿಗೆ ಥ್ಯಾಂಕ್ಸ್ ಹೇಳಿ ಇಳಿಯುತ್ತಾರೆ. ಸಣ್ಣವರು, ದೊಡ್ಡವರು, ಅವಸರದಲ್ಲಿ ಓಡುವವರು, ಎಲ್ಲರೂ. ನಮ್ಮ ದೇವದುರ್ಗದ ಬಸ್ಸಿನಲ್ಲಿ ಇಳಿಯುವಾಗ ನಾವು ಡ್ರೈವರಿಗೆ ಹೇಳುವುದು 'ನಿಲ್ಸೋ ಮಾರಾಯಾ' ಎಂಬ ಒಂದೇ ಮಾತು. ಥ್ಯಾಂಕ್ಸ್ ಇಷ್ಟು ಧಾರಾಳವಾಗಿರುವ ದೇಶದಲ್ಲಿ ನಮ್ಮ ಹೆಡ್ ಮಾಸ್ತರ ಥ್ಯಾಂಕ್ಸನ್ನು ತಲುಪಿಸುವುದು ಸುಲಭ ಎಂದುಕೊಂಡೆ.

ಸುಲಭವಾಗಲಿಲ್ಲ. ಮೊದಲು ಅವರ ಸಂವಿಧಾನದ ಪುಸ್ತಕ ಕೊಂಡೆ. ಭಾಗ, ಅನುಸೂಚಿ ಎಲ್ಲ ಸೇರಿ ನಮ್ಮದು ತಲೆದಿಂಬಿನಷ್ಟು ದಪ್ಪ. ಅವರದು ಕೋಟಿನ ಜೇಬಿನಲ್ಲಿ ಹಿಡಿಯುವ ಹೊತ್ತಿಗೆ. ಒಂದು ಪುಟ ಐರಿಷ್, ಎದುರಿನ ಪುಟ ಇಂಗ್ಲಿಷ್. ಎರಡರ ಅರ್ಥದಲ್ಲಿ ತಕರಾರು ಬಂದರೆ ಐರಿಷ್ ಮಾತೇ ಗಟ್ಟಿ ಎಂದು ಒಳಗೇ ಬರೆದಿದ್ದಾರೆ, ಮನೆಯಲ್ಲಿ ಆ ಭಾಷೆ ಆಡುವವರು ಕಡಿಮೆಯಾದರೂ. ನಮ್ಮ ಸಂವಿಧಾನ ಕನ್ನಡದಲ್ಲೂ ಸಿಗುತ್ತದೆ, ಆದರೆ ಜಗಳ ಬಂದರೆ ಇಂಗ್ಲಿಷ್ ಪುಟ ತಿರುವುತ್ತೇವೆ. ನನಗೆ ಹೊಟ್ಟೆಕಿಚ್ಚಾಯಿತು.

ಪುಸ್ತಕ ಹಿಡಿದುಕೊಂಡು ನದಿಯ ದಂಡೆಯಲ್ಲಿರುವ ದೊಡ್ಡ ಕೋರ್ಟಿಗೆ ಹೋದೆ. ಮೇಲೆ ದುಂಡು ಗುಮ್ಮಟ, ಒಳಗೆ ಕಪ್ಪು ನಿಲುವಂಗಿಯವರ ಓಡಾಟ. ಯಾರು ಬೇಕಾದರೂ ಹಿಂದಿನ ಬೆಂಚಿನಲ್ಲಿ ಕೂತು ವಾದ ಕೇಳಬಹುದು. ನಿರ್ದೇಶಕ ತತ್ವಗಳಿರುವುದು ಅವರ ಪುಸ್ತಕದ ನಲವತ್ತೈದನೆಯ ವಿಧಿಯಲ್ಲಿ. ಬಾಗಿಲಿನಲ್ಲಿದ್ದ ಕಾವಲುಗಾರನಿಗೆ ನಮಸ್ಕಾರ ಮಾಡಿ, 'ನಿಮ್ಮ ನಲವತ್ತೈದನೆಯ ವಿಧಿಗೆ ನಮ್ಮ ಜಿಲ್ಲೆಯ ಪರವಾಗಿ ಧನ್ಯವಾದ' ಎಂದೆ. ಅವನು ಬಹಳ ಗೌರವದಿಂದ, ಆ ನಂಬರಿನ ಬಸ್ಸು ಈ ಕಡೆ ಬರುವುದಿಲ್ಲ ಎಂದು ತಿಳಿಸಿದ.

ಪುಸ್ತಕ ಮಾರಿದ ಅಂಗಡಿಯವಳಿಗೆ ಆ ವಿಧಿ ಗೊತ್ತಿರಲಿಲ್ಲ. ನಾನು ಉಳಿದಿದ್ದ ವಸತಿಗೃಹದ ಮಾಲಿಕನಿಗೆ ಗೊತ್ತಿರಲಿಲ್ಲ. ಕೊನೆಗೆ ಕೋರ್ಟಿನ ಮೆಟ್ಟಿಲ ಮೇಲೆ ಸ್ಯಾಂಡ್‌ವಿಚ್ ತಿನ್ನುತ್ತಿದ್ದ ವಕೀಲೆಯೊಬ್ಬಳು ನೆನಪು ಮಾಡಿಕೊಂಡು ಹೇಳಿದಳು: ಹೌದು, ಅದೊಂದು ಇದೆ, ಯಾವ ಕೋರ್ಟೂ ಅದನ್ನು ಮುಟ್ಟುವ ಹಾಗಿಲ್ಲವಾದ್ದರಿಂದ ನಾವೂ ಮುಟ್ಟುವುದಿಲ್ಲ, ಅಟ್ಟದ ಮೇಲಿನ ಪೆಟ್ಟಿಗೆಯ ಹಾಗೆ ಬಿದ್ದಿದೆ. ನನಗೆ ಕೆಟ್ಟದೆನಿಸಿತು. ಮಗ್ಗುಲ ಮನೆಯವರಿಂದ ಹೆಪ್ಪು ತಂದು ನಾವು ಗಡಿಗೆ ತುಂಬ ಮೊಸರು ಮಾಡಿಕೊಂಡಿದ್ದೇವೆ, ಹೆಪ್ಪು ಕೊಟ್ಟವರ ಮನೆಯಲ್ಲೇ ಮೊಸರಿಲ್ಲ! ನಮ್ಮಲ್ಲಿಯೂ ನಿರ್ದೇಶಕ ತತ್ವಗಳನ್ನು ಹಿಡಿದು ನೇರವಾಗಿ ಕೋರ್ಟಿಗೆ ಹೋಗಲಾಗದು. ಆದರೆ ನಮ್ಮ ನ್ಯಾಯಾಧೀಶರು ಮೂಲಭೂತ ಹಕ್ಕುಗಳನ್ನು ಓದುವಾಗ ಈ ತತ್ವಗಳ ಬೆಳಕಿನಲ್ಲಿ ಓದುತ್ತ ಬಂದರು. ಮಕ್ಕಳಿಗೆ ಶಿಕ್ಷಣ ಕೊಡಲು ಪ್ರಯತ್ನಿಸಬೇಕು ಎಂದಿದ್ದ ತತ್ವ ಹಾಗೆ ಹಾಗೆ ಹಕ್ಕಾಗಿ, ಕಡೆಗೆ ತಿದ್ದುಪಡಿಯಾಗಿ ಸಂವಿಧಾನದೊಳಗೆ ಕೂತಿತು. ಇದನ್ನೆಲ್ಲ ವಕೀಲೆಗೆ ವಿವರಿಸಿದೆ. ಅವಳು ಸ್ಯಾಂಡ್‌ವಿಚ್ ಕೆಳಗಿಟ್ಟು ಪೂರ್ತಿ ಕೇಳಿಸಿಕೊಂಡಳು, ಥ್ಯಾಂಕ್ಸನ್ನೂ ಸ್ವೀಕರಿಸಿದಳು. ಹೆಡ್ ಮಾಸ್ತರ ಕೆಲಸ ಮುಗಿಯಿತು.

ಕ್ಲೇರ್, ನೋರಾಳ ಮನೆ

ಆನಂದನ ಕೆಲಸಕ್ಕೆ ಪಶ್ಚಿಮಕ್ಕೆ ಹೋಗಬೇಕಾಯಿತು. ಕ್ಲೇರ್ ಎಂಬ ಕಡಲ ಕಡೆಯ ಜಿಲ್ಲೆ. ಊರಿನ ಹೆಸರು ಬರೆಯುವುದಿಲ್ಲ ಎಂದು ನೋರಾಳಿಗೆ ಮಾತು ಕೊಟ್ಟಿದ್ದೇನೆ. ನೋರಾ ನನಗೆ ಮನೆಯಲ್ಲಿ ಜಾಗ ಕೊಟ್ಟವಳು, ಅರವತ್ತರ ಆಸುಪಾಸು. ಹಿಂದೆ ಪ್ರಾಥಮಿಕ ಶಾಲೆಯ ಟೀಚರು. ತಾಯಿ ತೀರಿಕೊಂಡ ಮೇಲೆ ತಮ್ಮ ಮೈಕಲ್‌ನನ್ನು ನೋಡಿಕೊಳ್ಳಲು ಕೆಲಸ ಬಿಟ್ಟವಳು. ಮೈಕಲ್‌ನನ್ನು ನೋಡಿದ ಕೂಡಲೇ ಹೊಸಲಲ್ಲೇ ನಿಂತುಬಿಟ್ಟೆ. ಗಾಲಿ ಕುರ್ಚಿ, ಹೇಳಿದ ಮಾತು ಕೇಳದ ಕೈ, ನಿಧಾನ ಮಾತು, ನಗುವ ಕಣ್ಣು. ವಯಸ್ಸೊಂದು ಬಿಟ್ಟರೆ ನಮ್ಮ ಆನಂದನೇ.

ಅಕ್ಕತಮ್ಮಂದಿರ ಇಂಗ್ಲಿಷು ರಾಗ ಎಳೆದು, ಕೊನೆಯ ಅಕ್ಷರ ನುಂಗಿ, ಮಾತಿನ ನಡುವೆ ಚೇಷ್ಟೆ ಸೇರಿಸುವ ಇಂಗ್ಲಿಷು. ನನ್ನ ಕಿವಿಗೆ ಅದು ನಮ್ಮ ಕಡೆಯ ಮಾತಾಗಿಯೇ ಬೀಳುತ್ತಿತ್ತು. ಹಾಗಾಗಿ ಅವರ ಮಾತನ್ನು ನಮ್ಮ ಮಾತಿನಲ್ಲೇ ಬರೆಯುತ್ತೇನೆ.

ಆ ಕಡೆ ರಸ್ತೆಗಳು ಕಿರಿದು. ಎದುರಿಗೆ ಬಂದ ಗಾಡಿಯ ಚಾಲಕ, ಪರಿಚಯ ಇರಲಿ ಬಿಡಲಿ, ಸ್ಟೇರಿಂಗಿನ ಮೇಲಿಂದ ತೋರುಬೆರಳೊಂದನ್ನೇ ಎತ್ತಿ ಇಳಿಸುತ್ತಾನೆ. ಅದೇ ನಮಸ್ಕಾರ. ನೋರಾ ವ್ಯಾನು ಓಡಿಸುತ್ತ ಬೆರಳೆತ್ತುತ್ತಿದ್ದಳು, ಮಗ್ಗುಲಲ್ಲಿ ಕೂತ ಮೈಕಲ್‌ನೂ ಎತ್ತುತ್ತಿದ್ದ. ಅವನದು ಬೆರಳಿನ ಬದಲು ಇಡೀ ತೋಳೇ ಏಳುತ್ತಿತ್ತು, ಎದುರಿನವರು ಅದಕ್ಕೂ ಬೆರಳೆತ್ತುತ್ತಿದ್ದರು.

ಆಗ ಆ ಮನೆಯಲ್ಲಿ ಒಂದು ಜಗಳ ನಡೆದಿತ್ತು. ಎರಡು ಸಾವಿರದ ಇಪ್ಪತ್ತನಾಲ್ಕರ ಮಹಿಳಾ ದಿನಕ್ಕೆ ಜನಮತ. ಕೇಳಿದ ಪ್ರಶ್ನೆ ಎರಡು. ಒಂದು, ಕುಟುಂಬ ಅಂದರೆ ಯಾವುದು ಎಂಬುದರ ಬಗ್ಗೆ. ಇನ್ನೊಂದು ಈ ಮನೆಗೇ ಬರೆದ ಹಾಗಿತ್ತು. ಹೆಂಗಸು ಮನೆಯೊಳಗಿದ್ದು ಮಾಡುವ ಬಾಳುವೆಯಿಂದ ದೇಶಕ್ಕೆ ಆಸರೆಯಾಗುತ್ತದೆ ಎಂಬ ಅರ್ಥದ ಹಳೆಯ ಸಾಲೊಂದು ಅವರ ಸಂವಿಧಾನದಲ್ಲಿದೆ. ಅದನ್ನು ತೆಗೆದು, ಮನೆಮಂದಿ ಒಬ್ಬರನ್ನೊಬ್ಬರು ನೋಡಿಕೊಳ್ಳುವುದಕ್ಕೆ ಬೆಂಬಲ ಕೊಡಲು ಸರಕಾರ ಶ್ರಮಿಸತಕ್ಕದ್ದು ಎಂಬ ಹೊಸ ಸಾಲು ಸೇರಿಸಬಹುದೇ? ಹೌದು ಅಥವಾ ಇಲ್ಲ.

"ನಾ ಹೌದು ಅಂತೀನಿ," ಎಂದಳು ನೋರಾ. "ಹೆಂಗಸಿನ ಜಾಗ ಒಲಿ ಮುಂದ ಅಂತ ಕಾನೂನಿನಾಗ ಬರಕೊಂಡು ಕುಂತಾರ. ಅದು ಮೊದಲು ಹೋಗಲಿ. ನಾ ಮಾಡೋ ಕೆಲಸದ ಹೆಸರರ ಅಲ್ಲಿ ಬರಲಿ."

"ಶ್ರಮಿಸತಕ್ಕದ್ದು ಅಂದ್ರ ಏನು?" ಎಂದ ಮೈಕಲ್. ಒಂದು ಮಾತು ಮುಗಿಸಲು ಅವನಿಗೆ ಹೊತ್ತು ಹಿಡಿಯುತ್ತಿತ್ತು, ಯಾರೂ ನಡುವೆ ಬಾಯಿ ಹಾಕುತ್ತಿರಲಿಲ್ಲ. "ಸರಕಾರ ಶ್ರಮಿಸಿದೆ ಅಂದ್ರ ಮುಗೀತು. ಕೋರ್ಟಿಗಿ ಹೋದ್ರ, ಶ್ರಮಿಸಿದಾರಲ್ಲಪಾ, ಮನಿಗಿ ಹೋಗು ಅಂತಾರ. ನನ್ನ ನೋಡಿಕೊಳ್ಳೋದು ನೋರಾನ ಕೆಲಸ ಅಂತ ಕಾಯಂ ಬರದಂಗ ಆತು. ನಂಗ ಬೇಕಾದ್ದು ನನ್ನ ಹಕ್ಕು. ಆಕಿಗಿ ಬೇಕಾದ್ದು ರಜಾ."

ಅವನು ಆಡಿದ್ದು ನನ್ನ ಪಾಠದ ಮಾತು. ಶ್ರಮಿಸತಕ್ಕದ್ದು, ಪ್ರಯತ್ನಿಸತಕ್ಕದ್ದು: ಇವು ನಿರ್ದೇಶಕ ತತ್ವದ ಮಾತುಗಳು. ಇವುಗಳ ಅರ್ಥ ಕೊನೆಗೆ ಓದುವ ನ್ಯಾಯಾಧೀಶರ ಮೇಲೆ ನಿಂತಿರುತ್ತದೆ, ಗಟ್ಟಿ ಓದಿದರೆ ಗಟ್ಟಿ, ಸಡಿಲ ಓದಿದರೆ ಸಡಿಲ. ಇಬ್ಬರ ಮಾತೂ ಸರಿ ಅನಿಸಿ, ಚಹಾ ಕುಡಿಯುತ್ತ ಕೂತೆ.

ನೋರಾ ಕೇಳಿದಳು: "ನಿಮ್ಮಲ್ಲಿ ಹ್ಯಾಂಗ ತಿದ್ದುತೀರಿ?"

ಹೇಳಿದೆ. ಸಂಸತ್ತಿನ ಎರಡೂ ಸದನಗಳಲ್ಲಿ ಒಟ್ಟು ಸದಸ್ಯರ ಅರ್ಧಕ್ಕಿಂತ ಹೆಚ್ಚು, ಹಾಜರಿದ್ದು ಮತ ಹಾಕಿದವರಲ್ಲಿ ಮೂರರಲ್ಲಿ ಎರಡು ಪಾಲು. ರಾಜ್ಯಗಳ ಅಧಿಕಾರಕ್ಕೆ ಕೈ ಹಚ್ಚುವಂಥದ್ದಾದರೆ ಅರ್ಧದಷ್ಟು ರಾಜ್ಯಗಳ ಒಪ್ಪಿಗೆಯೂ ಬೇಕು. ನಮ್ಮ ಜಿಲ್ಲೆಗಳಿಗೆಂದೇ ಬಂದ ಮುನ್ನೂರ ಎಪ್ಪತ್ತೊಂದು ಜೆ ಎಂಬ ವಿಧಿಯ ಕಥೆಯನ್ನೂ ಹೇಳಿದೆ. ನಿಜಾಮರ ಕಾಲದಿಂದ ಹಿಂದುಳಿದ ಸೀಮೆ ಎಂದು ಓದಿನಲ್ಲಿ, ನೌಕರಿಯಲ್ಲಿ ನಮಗೆ ಪಾಲು ಇಟ್ಟ ವಿಧಿ ಅದು. ಬೇರೆ ಯಾವ ವಿಧಿಯ ನಂಬರೂ ಗೊತ್ತಿಲ್ಲದವರಿಗೂ ನಮ್ಮ ಕಡೆ ಆ ನಂಬರು ಬಾಯಿಪಾಠ. ನನ್ನ ನೌಕರಿ ಅದರಿಂದಲೇ ಸಿಕ್ಕದ್ದು.

"ಅದಕ್ಕ ನಿನ್ನ ಓಟು ಕೇಳಿದ್ರೇನು?" ಎಂದ ಮೈಕಲ್.

"ಇಲ್ಲ. ನಮ್ಮ ಕಡಿ ಮಂದಿ ವರ್ಷಗಟ್ಟಲೆ ಹೋರಾಟ ಮಾಡಿ ತರಿಸಿದ್ರು. ಆದ್ರ ಹೌದೋ ಇಲ್ಲೋ ಅಂತ ನಮ್ಮನ್ನ ಯಾರೂ ಕೇಳಲಿಲ್ಲ. ಮತ್ತ ಸಂಸತ್ತು ತಿದ್ದಿದ್ದೆಲ್ಲ ನಡಿಯಂಗಿಲ್ಲ. ಸಂವಿಧಾನದ ಮೂಲ ರಚನಿಗೆ ಕೈ ಹಚ್ಚಿದ್ರ ಕೋರ್ಟು ತಡೀತದ."

"ಇಲ್ಲಿ ಮಂದಿ ಹೂಂ ಅಂದ್ರ ಮುಗೀತು," ಎಂದ ಮೈಕಲ್. "ನಿಮ್ಮಲ್ಲಿ ಕೋರ್ಟು ಮಂದಿಗಿಂತ ದೊಡ್ಡದೇನು?"

ಕ್ಲಾಸಿನಲ್ಲಿ ಯಾರೂ ಈ ಪ್ರಶ್ನೆ ಕೇಳಿರಲಿಲ್ಲ. ಆಮೇಲೆ ನನ್ನ ಬಾಯಿಂದ ಬಂದದ್ದು ಪಾಠದ ಉತ್ತರವಲ್ಲ.

"ಮೈಕಲ್, ನಮ್ಮವ್ವ ಸಣ್ಣಾಕಿ ಇದ್ದಾಗ, ನಮ್ಮ ಕೇರಿಯವರು ಬಾವಿ ಮೆಟ್ಟಿಲ ಇಳೀಬೇಕೋ ಬ್ಯಾಡೋ ಅಂತ ಊರ ಮಂದಿ ಕೈ ಎತ್ತಿಸಿ ಕೇಳಿದ್ರ, ನಾವು ಇವತ್ತಿಗೂ ದಂಡಿ ಮ್ಯಾಲೆ ಕೊಡ ಹಿಡಕೊಂಡು ನಿಂತಿರ್ತಿದ್ವಿ. ಕೆಲವು ಮಾತು ಓಟಿಗಿ ಹಾಕಬಾರದು."

"ಹಂಗಾದ್ರ ಎರಡೂ ಬೇಕು," ಎಂದ ಮೈಕಲ್. "ಕೇಳೋದನ್ನ ಕೇಳಬೇಕು. ಕೇಳಬಾರದ್ದನ್ನ ಕೇಳಬಾರದು." ನಮ್ಮ ಮನೆಯ ಗೋಡೆಯ ಮೇಲೆ ಬುದ್ಧನ ಪಟ, ಸಂವಿಧಾನ ಬರೆದ ನೀಲಿ ಕೋಟಿನವರ ಪಟ, ಅವುಗಳ ನಡುವೆ ಸಂವಿಧಾನದ ಪ್ರಸ್ತಾವನೆ ಇದೆ. ಅವುಗಳ ಕೆಳಗೆ ಕೂತೇ ಈ ಮಾತಾಡುತ್ತಿದ್ದೇವೆ ಅನಿಸಿತು.

ಜನಮತದ ಹಿಂದಿನ ದಿನ

ಮಾರನೆಯ ದಿನದ ಸಿದ್ಧತೆ ಕೇಳಿದಾಗ ನಿಜವಾದ ಜಗಳ ಹೊರಬಿತ್ತು. ಮೈಕಲ್‌ಗೆ ಮತದ ವಯಸ್ಸು ಬಂದಾಗಿನಿಂದ ಅವನ ಕಾಗದದ ಮೇಲೆ ಗುರುತು ಹಾಕುತ್ತ ಬಂದವಳು ನೋರಾ. ಕೈ ನಡುಗುವವರಿಗೆ ಜೊತೆಗಾರರು ಹಾಕಿಕೊಡಬಹುದು ಎಂದು ಕಾನೂನಿದೆ, ನಮ್ಮಲ್ಲಿಯೂ ಇದೆ. ಮತಯಂತ್ರದಲ್ಲಿ ಆನಂದನ ಗುಂಡಿಯನ್ನೂ ಪ್ರತಿ ಸಲ ಒತ್ತಿದ್ದು ಅವ್ವನೇ.

"ಈ ಸಲ ನಾನೇ ಹಾಕ್ತೀನಿ," ಎಂದ ಮೈಕಲ್.

ನೋರಾಳ ಮುಖ ಸಣ್ಣದಾಯಿತು. "ಇಷ್ಟು ವರ್ಷ ನೀ ಹೇಳಿದ್ದನ್ನೇ ಹಾಕೀನಿ. ನನ್ನ ಮ್ಯಾಲೆ ನಂಬಿಕಿ ಇಲ್ಲೇನು?"

"ನಂಬಿಕಿ ಅದ. ಆದ್ರ ಈ ಸಲ ಕೇಳಾಕತ್ತಿದ್ದು ನನ್ನ ಬಗ್ಗೆ. ನನ್ನ ಬಗ್ಗೆ ಕೇಳಿದ್ದಕ್ಕ ನಾನೇ ಉತ್ತರ ಕೊಡಬೇಕು."

ಅವರಲ್ಲಿ ಮತ ಹಾಕುವುದು ಪೆನ್ಸಿಲ್ಲಿನಿಂದ. ಹೌದು, ಪೆನ್ಸಿಲ್ಲು! ನಮ್ಮ ಕಡೆ ಎಷ್ಟೋ ಚುನಾವಣೆಗಳಲ್ಲಿ ಮತಗಟ್ಟೆಯ ಕೆಲಸ ಮಾಡಿದ ನನಗೆ ಇದನ್ನು ನಂಬಲಾಗಲಿಲ್ಲ. ಅಳಿಸಿಬಿಟ್ಟರೆ? ಯಾರೂ ಅಳಿಸುವುದಿಲ್ಲವಂತೆ. ಬೆರಳಿಗೆ ಶಾಯಿಯೂ ಇಲ್ಲವಂತೆ. ಎರಡನೆಯ ಸಲ ಬಂದರೆ? ಯಾಕೆ ಬರುತ್ತಾರೆ, ಎಂದಳು ನೋರಾ, ಒಂದು ಸಲ ಬರುವುದೇ ಕಷ್ಟ ಈ ಮಳೆಯಲ್ಲಿ.

ಕಷ್ಟ ಬೇರೆಯಿತ್ತು. ಮೈಕಲ್‌ನ ಮುಷ್ಟಿಯಲ್ಲಿ ಪೆನ್ಸಿಲ್ಲು ನಿಲ್ಲುತ್ತಿರಲಿಲ್ಲ. ಸಣ್ಣ ಚೌಕದೊಳಗೆ ಎರಡು ಅಡ್ಡಗೆರೆಯ ಕತ್ತರಿ ಗುರುತು ಹಾಕಬೇಕು. ಅವನ ಕೈಯಿಂದ ಪೆನ್ಸಿಲ್ಲು ಜಾರಿ ಮೇಜಿನ ಕೆಳಗೆ ಹೋಗುತ್ತಿತ್ತು. ಮೂರನೆಯ ಸಲ ಬಿದ್ದಾಗ ಅವನು ಗೋಡೆಯ ಕಡೆ ಮುಖ ತಿರುಗಿಸಿಕೊಂಡ. ಆನಂದನೂ ಹೀಗೆಯೇ ತಿರುಗಿಸಿಕೊಳ್ಳುತ್ತಾನೆ. ನನಗೆ ತಡೆಯಲಿಲ್ಲ.

ನೋರಾಳ ಹತ್ತಿರ ಬಡಗಿಗಳು ಬಳಸುವ ಚಪ್ಪಟೆ ಪೆನ್ಸಿಲ್ಲು ಇತ್ತು. ನನ್ನ ಹಳೆಯ ಹತ್ತಿ ಓಢಣಿಯ ಅಂಚು ಹರಿದೆ. ಅವ್ವ ಚಮಚಕ್ಕೆ ಸುತ್ತುವ ಹಾಗೆಯೇ ಬಿಗಿಯಾಗಿ ಸುತ್ತಿ, ತುದಿಯನ್ನು ಒಳಗೆ ಸಿಕ್ಕಿಸಿ, ಮೇಲೆ ದಾರ ಕಟ್ಟಿದೆ. ಮುಷ್ಟಿಯಷ್ಟು ದಪ್ಪವಾಯಿತು. ಮೈಕಲ್ ಹಿಡಿದುಕೊಂಡ, ನಿಂತಿತು. ಓಢಣಿಯಲ್ಲಿ ಇನ್ನೂ ಖಾರದ ವಾಸನೆ ಉಳಿದಿತ್ತು, ಅವನು ಮೂಸಿ ನೋಡಿ ಸೀನಿದ.

ಸಂಜೆಯವರೆಗೆ ಹಳೆಯ ಪೇಪರಿನ ಮೇಲೆ ಚೌಕ ಬರೆದು ಕೊಡುತ್ತ ಕೂತೆ, ಅವನು ಅಡ್ಡಗೆರೆ ಎಳೆಯುತ್ತ ಕೂತ. ಗೆರೆ ಹೊಲದ ಬದುವಿನ ಹಾಗೆ ಓಲಾಡುತ್ತಿತ್ತು. ಕತ್ತಲಾಗುವ ಮೊದಲು ಒಂದು ಗುರುತು ಚೌಕದೊಳಗೇ ಉಳಿಯಿತು. ಒಲೆಯ ಹತ್ತಿರ ನಿಂತಿದ್ದ ನೋರಾ ನಮ್ಮ ಕಡೆ ನೋಡಲಿಲ್ಲ, ಆದರೆ ಇನ್ನೊಂದು ಹಳೆಯ ಪೇಪರು ತಂದು ಮೇಜಿನ ಮೇಲಿಟ್ಟು ಹೋದಳು.

ಜನಮತದ ದಿನ

ಮತಗಟ್ಟೆ ಊರಿನ ಶಾಲೆಯಲ್ಲಿತ್ತು. ನಾನು ಪರದೇಶದವಳು, ಒಳಗೆ ಹೋಗುವ ಹಾಗಿಲ್ಲ, ಬಾಗಿಲ ಹೊರಗಿನ ಮಾಡಿನ ಕೆಳಗೆ ನಿಂತೆ. ನೋರಾ ಮೈಕಲ್‌ನ ಕುರ್ಚಿಯನ್ನು ಹೊಸಲಿನ ತನಕ ತಳ್ಳಿದಳು. ಅವನು ಅರಿವೆ ಸುತ್ತಿದ ಪೆನ್ಸಿಲ್ಲನ್ನು ಎದೆಗೆ ಒತ್ತಿಕೊಂಡಿದ್ದ.

"ನೀ ಇಲ್ಲೇ ನಿಲ್ಲು ನೋರಾ."

ಒಳಗಿನಿಂದ ಕನ್ನಡಕದ ಅಧಿಕಾರಿಣಿ ಬಂದು ಕುರ್ಚಿಯನ್ನು ತಗ್ಗಾದ ಮೇಜಿನ ಕಡೆಗೆ ಒಯ್ದಳು. ನೋರಾ ಹೊರಗೆ ನಿಂತಳು. ವರ್ಷಗಟ್ಟಲೆ ಕುರ್ಚಿ ಹಿಡಿದ ಕೈಗಳನ್ನು ಎಲ್ಲಿಡಬೇಕೋ ತಿಳಿಯದೆ, ಒಮ್ಮೆ ಕೋಟಿನ ಜೇಬಿಗೆ ಹಾಕಿದಳು, ಒಮ್ಮೆ ತೆಗೆದಳು.

ಹೊತ್ತಾಯಿತು. ಮಳೆ ಜೋರಾಯಿತು. ಹಿಂದಿನಿಂದ ಬಂದ ಮಂದಿ ಬಾಗಿಲಲ್ಲೇ ಗುಂಪುಗೂಡಿ ಹವಾಮಾನದ ಮಾತಾಡತೊಡಗಿದರು. ಮತಗಟ್ಟೆಯ ಬಾಗಿಲಲ್ಲಿ ಗುಂಪು ಕಂಡರೆ ನನ್ನೊಳಗಿನ ಮತಗಟ್ಟೆ ಅಧಿಕಾರಿ ಸುಮ್ಮನಿರುವುದಿಲ್ಲ. ನನಗೆ ಅರಿವಿಲ್ಲದೆಯೇ ಮುಂದೆ ಬಂದು, ಎರಡೂ ಕೈ ಚಾಚಿ, ಗಂಡಸರು ಈ ಕಡೆ, ಹೆಂಗಸರು ಆ ಕಡೆ, ಸಾಲಾಗಿ ನಿಲ್ಲಿ ಎಂದು ಕೂಗಿದೆ. ರಾಯಚೂರಿನಲ್ಲಾದರೆ ಇಷ್ಟಕ್ಕೇ ಇಬ್ಬರಾದರೂ ಜಗಳಕ್ಕೆ ಬರುತ್ತಿದ್ದರು. ಇವರು ಮರ್ಯಾದಸ್ಥರು. ಯಾಕೆ ಏನು ಎಂದು ಕೇಳದೆ, ಗಂಡ ಹೆಂಡಿರು ಕೈ ಬಿಟ್ಟು ಬೇರೆ ಬೇರೆಯಾಗಿ, ಮಳೆಯಲ್ಲಿ ಎರಡು ಚೊಕ್ಕ ಸಾಲಾದರು. ಒಬ್ಬ ಮುದುಕ, ಈ ನಿಯಮ ಯಾವಾಗ ಬಂತು ಎಂದು ಹೆಂಡತಿಯನ್ನು ದೂರದಿಂದ ಕೇಳಿದ. ಅವಳ ಸಾಲು ಮಾಡಿನ ಕೆಳಗಿತ್ತು, ಅವಳಿಗೆ ದೂರೇನೂ ಇರಲಿಲ್ಲ.

ಆಗ ಒಳಗಿನಿಂದ ಕಾಗದ ಪರ್ರನೆ ಹರಿದ ಸದ್ದು, ಆಮೇಲೆ ಮೈಕಲ್‌ನ ನರಳಿಕೆ. ಪೆನ್ಸಿಲ್ಲು ಎರಡೂ ಚೌಕಗಳ ಮೇಲೆ ಹರಿದಾಡಿ ಕಾಗದವನ್ನೇ ಸೀಳಿತ್ತು. ನೋರಾ ಒಂದು ಹೆಜ್ಜೆ ಮುಂದಿಟ್ಟಳು, ಮತ್ತೆ ಹಿಂದಕ್ಕೆ ತೆಗೆದಳು. ನನಗೆ ಆ ಸಂಯಮ ಇಲ್ಲ. ಬಾಗಿಲಿಗೆ ಓಡಿ, ಕೆಟ್ಟ ಮತಪತ್ರ ವಾಪಸ್ಸು ಕೊಟ್ಟರೆ ಹೊಸದು ಕೊಡಬೇಕು, ಅದು ಅವನ ಹಕ್ಕು ಎಂದು ಕೂಗಿಬಿಟ್ಟೆ.

ಅಧಿಕಾರಿಣಿ ಕನ್ನಡಕದ ಮೇಲಿನಿಂದ ನೋಡಿದಳು. "ಹೊಸದು ಆಗಲೇ ಕೊಟ್ಟೀನಿ ತಾಯಿ. ನೀವು ಹೊಸಲ ಆಚಿ ನಿಂದ್ರಿ. ಮತ್ತ ಹೊರಗ ಇವರನ್ನೆಲ್ಲ ಬ್ಯಾರೆ ಮಾಡಿದವರು ಯಾರು?"

ಮಾನ್ವಿಯ ಮತಗಟ್ಟೆಗಳಲ್ಲಿ ನಾನು ಮಂದಿಗೆ ಹೇಳುವ ಮಾತನ್ನೇ ನನಗೆ ಹೇಳಿದ್ದಳು. ಆಚೆ ನಿಂತೆ. ಎರಡೂ ಸಾಲಿನವರು ನಕ್ಕು ಮತ್ತೆ ಒಂದಾದರು. ಆದರೆ ಒಳಗೆ ಯಾರು, ಯಾಕೆ ಇಷ್ಟು ಹೊತ್ತು ಎಂಬುದು ಎಲ್ಲರಿಗೂ ತಿಳಿದಿತ್ತು. ಒಬ್ಬರೂ ಗೊಣಗಲಿಲ್ಲ, ಮಳೆಯಲ್ಲಿ ನೆನೆಯುತ್ತ ಕಾದರು.

ಮೈಕಲ್ ಹೊರಗೆ ಬಂದಾಗ ಅವನ ಅಂಗಿ ಬೆವರಿನಿಂದ ತೊಯ್ದಿತ್ತು. ಕಣ್ಣು ಬೆಳಗುತ್ತಿತ್ತು. ನೋರಾ ಕುರ್ಚಿಗೆ ಕೈ ಹಾಕುತ್ತ ಕೇಳಿದಳು: "ಆತೇನು? ಯಾವುದಕ್ಕ ಹಾಕಿದಿ?"

ಮೈಕಲ್ ಅಕ್ಕನನ್ನು ನೋಡಿದ. ಇಷ್ಟು ವರ್ಷ ಅವಳಿಗೆ ಗೊತ್ತಿಲ್ಲದ ಗುಟ್ಟು ಒಂದೂ ಅವನ ಹತ್ತಿರ ಇರಲಿಲ್ಲ.

"ಹೇಳಂಗಿಲ್ಲ," ಎಂದ.

ನೋರಾ ಬಿದ್ದು ಬಿದ್ದು ನಕ್ಕಳು. ನಗುತ್ತ ನಗುತ್ತ ಕಣ್ಣು ಒರೆಸಿಕೊಂಡಳು. ನಾನು ಚೀಲದಿಂದ ನೀಲಿ ಪೆನ್ನು ತೆಗೆದು ಮೈಕಲ್‌ನ ಎಡಗೈ ತೋರುಬೆರಳು ಹಿಡಿದು, ಉಗುರಿನಿಂದ ಚರ್ಮದವರೆಗೆ ಒಂದು ಗೆರೆ ಎಳೆದೆ. ನಮ್ಮಲ್ಲಿ ಇದಿಲ್ಲದಿದ್ದರೆ ಮತ ಹಾಕಿದ ಹಾಗಲ್ಲ ಎಂದೆ. ಅವನ ಕೈ ನಡುಗುತ್ತಿದ್ದುದರಿಂದ ಗೆರೆ ಸೊಟ್ಟಗಾಯಿತು. ಹೆಂಡತಿಯಿಂದ ಬೇರೆಯಾಗಿದ್ದ ಮುದುಕ ಮತ ಹಾಕಿ ಬಂದು ತನ್ನ ಬೆರಳನ್ನೂ ಚಾಚಿದ. ಅವನಿಗೂ ಎಳೆದೆ.

ಎಣಿಕೆಯ ಮರುದಿನ

ಎರಡೂ ಪ್ರಶ್ನೆಗಳಿಗೆ ದೇಶ ಇಲ್ಲ ಎಂದಿತು, ಬಹಳ ಜೋರಾಗಿ. ನೋರಾ ಬ್ರೆಡ್ಡಿಗೆ ಬೆಣ್ಣೆ ಸವರುತ್ತಿದ್ದಳು.

"ಅಂದ್ರ ಒಲಿ ಮುಂದ ಕೂಡೋ ಆ ಹಳೇ ಸಾಲು ಹಂಗೇ ಉಳೀತು," ಎಂದಳು.

"ಉಳೀತು," ಎಂದ ಮೈಕಲ್. "ಇನ್ನೊಮ್ಮೆ ಕೇಳಲಿ. ಜರಾ ಛಲೋ ಪ್ರಶ್ನಿ ಕೇಳಲಿ. ಅಲ್ಲೀತನ ನಾವೂ ಬಿಡಬಾರದು. ನೀ ಪತ್ರ ಬರಿ, ನಾ ಹೇಳ್ತೀನಿ."

"ನೀನೇ ಬರಿ. ಪೆನ್ಸಿಲ್ ಅದಲ್ಲ," ಎಂದಳು ನೋರಾ.

ಚೀಕಲಪರ್ವಿ

ಗಬ್ಬೂರಿಗೆ ಬಂದು ಆನಂದನಿಗೆ ಎಲ್ಲ ಹೇಳಿದೆ. ಬಸ್ಸು, ಕೋರ್ಟು, ಬೆರಳಿನ ನಮಸ್ಕಾರ, ಎರಡು ಸಾಲು. ಪೆನ್ಸಿಲ್ಲಿನ ಕಥೆಯನ್ನು ಎರಡು ಸಲ ಹೇಳಿಸಿದ. ಅವ್ವ ತಾನು ಸುತ್ತುವ ಅರಿವೆ ಸಮುದ್ರ ದಾಟಿತು ಎಂದು ಕೇಳಿ, ಗಂಟು ಗಟ್ಟಿ ಹಾಕಿದ್ದೆಯಾ ಎಂದಷ್ಟೇ ವಿಚಾರಿಸಿದಳು.

ಸ್ವಲ್ಪ ದಿನಕ್ಕೆ ನಮ್ಮಲ್ಲಿ ಲೋಕಸಭೆ ಚುನಾವಣೆ. ಅಂಗವಿಕಲರು ಮನೆಯಲ್ಲೇ ಮತ ಹಾಕಬಹುದು ಎಂದು ಹೇಳಲು ಸಿಬ್ಬಂದಿ ಬಂದರು.

"ಬ್ಯಾಡ್ರಿ," ಎಂದ ಆನಂದ. "ನಾನೇ ಬರ್ತೀನಿ. ಗುಂಡಿನೂ ನಾನೇ ಒತ್ತತೀನಿ."

"ಹುಚ್ಚೇನು ನಿನಗ?" ಎಂದಳು ಅವ್ವ. "ಬ್ಯಾರೆ ಗುಂಡಿ ಒತ್ತಿದ್ರ?"

"ಒತ್ತಿದ್ರ ನಂದೇ ತಪ್ಪು ಯವ್ವಾ. ಅದೂ ನಂದೇ ಆಗಲಿ."

ರಟ್ಟಿನ ಡಬ್ಬಿಗೆ ಸೋಡಾ ಬಾಟಲಿಯ ಮುಚ್ಚಳಗಳನ್ನು ಸಾಲಾಗಿ ಅಂಟಿಸಿ ಮತಯಂತ್ರ ಮಾಡಿಕೊಟ್ಟೆ. ಬೆರಳು ನಿಲ್ಲಲಿಲ್ಲ. ಮುಷ್ಟಿ ಕಟ್ಟಿ ಗೆಣ್ಣಿನಿಂದ ಒತ್ತುವುದನ್ನು ಅವನೇ ಕಂಡುಹಿಡಿದ. ಬೈಯುತ್ತಲೇ ಅವ್ವ ದಿನಾ ಆ ಡಬ್ಬಿಯನ್ನು ಅವನ ಮುಂದೆ ಹಿಡಿದು ಕೂಡುತ್ತಿದ್ದಳು.

ಮತದಾನದ ದಿನ ನಾನು ಅವನ ಜೊತೆ ಇರಲಾಗಲಿಲ್ಲ. ಮಾಸ್ತರರಿಗೆ ಚುನಾವಣೆ ಎಂದರೆ ಬೇರೆ ಊರು. ನನಗೆ ಮಾನ್ವಿ ತಾಲೂಕಿನ ಚೀಕಲಪರ್ವಿ ಬಂದಿತ್ತು. ತುಂಗಭದ್ರೆಯ ದಂಡೆಯ ಊರು, ಆದರೂ ಬಿಸಿಲಿಗೆ ಮತಗಟ್ಟೆಯ ತಗಡು ಕಾದು ಹೆಂಚಾಗಿತ್ತು. ಗಂಡಸರು ಒಂದು ಸಾಲು, ಹೆಂಗಸರು ಒಂದು ಸಾಲು. ಬೆಳಗಿನಿಂದ ಒಂದೊಂದೇ ಬೆರಳು ಹಿಡಿದು ಶಾಯಿ ಹಚ್ಚಿದೆ. ಪ್ರತಿ ಬೆರಳಿಗೂ ಗಬ್ಬೂರು ನೆನಪಾಗುತ್ತಿತ್ತು. ಯಂತ್ರ ಬೀಪ್ ಎಂದಾಗಲೆಲ್ಲ, ಅಲ್ಲಿ ಅಂದಿತೋ ಇಲ್ಲವೋ ಎಂದುಕೊಳ್ಳುತ್ತಿದ್ದೆ.

ಮತದಾನ ಮುಗಿದು, ಯಂತ್ರಕ್ಕೆ ಸೀಲು ಹಾಕಿದ ಮೇಲೆ ಮೊಬೈಲು ತೆರೆದೆ. ಆನಂದನ ಫೋಟೋ ಬಂದಿತ್ತು: ಗಾಲಿ ಕುರ್ಚಿ, ಮೇಲೆತ್ತಿದ ತೋಳು, ತುದಿಯಲ್ಲಿ ಶಾಯಿ ಹಚ್ಚಿದ ತೋರುಬೆರಳು. ಅದನ್ನು ಆಗಲೇ ಕ್ಲೇರ್‌ಗೆ ಕಳಿಸಿದೆ. ಸ್ವಲ್ಪ ಹೊತ್ತಿಗೆ ಅಲ್ಲಿಂದ ಒಂದು ಫೋಟೋ ಬಂತು: ವ್ಯಾನಿನ ಮುಂದಿನ ಸೀಟು, ಮೇಲೆದ್ದ ಮೈಕಲ್‌ನ ತೋಳು.

ಆನಂದನ ಫೋಟೋದ ಕೆಳಗೆ ಅವನದೊಂದು ಧ್ವನಿ ಸಂದೇಶವೂ ಇತ್ತು. ಹೊರಗೆ ಬಂದು, ಕಟ್ಟೆಯ ಮೇಲೆ ಕೂತು ಕಿವಿಗೆ ಹಚ್ಚಿದೆ. ಹಿಂದೆ ಅವ್ವ ಏನೋ ಬೈಯುತ್ತಿದ್ದಳು, ಬೈಗುಳದ ನಡುವೆ ನಗುತ್ತಿದ್ದಳು. ಅವನ ಮಾತು ಯಾವಾಗಿನ ಹಾಗೆ ನಿಧಾನವಾಗಿ, ಒಂದೊಂದಾಗಿ ಬಂತು.

"ಅಕ್ಕಾ, ಯವ್ವ ಹೊರಗೇ ನಿಂತಿದ್ಳು. ಯಾರಿಗಿ ಹಾಕಿದಿ, ಯಾರಿಗಿ ಹಾಕಿದಿ ಅಂತ ಮುಂಜಾನಿಂದ ತಲಿ ತಿನ್ನಾಕತ್ಯಾಳ. ನಾ ಹೇಳಂಗಿಲ್ಲ."